ಕೊಪ್ಪರಿಗೆ ಮನೆಯ ಇಬ್ಬರು ವಿದ್ಯಾರ್ಥಿನಿಯರು

ನನ್ನ ಸೊಸೆಯೂ ಮೊಮ್ಮಗಳೂ ಒಂದೇ ವರ್ಷ, ಒಂದೇ ವಿಶ್ವವಿದ್ಯಾಲಯಕ್ಕೆ, ಒಂದೇ ರೈಲಿನಲ್ಲಿ ಓದಲು ಹೊರಟರು ಎಂದರೆ ಕೇಳಿದವರೆಲ್ಲ ಮೊದಲು ನಗುತ್ತಾರೆ. ನಕ್ಕು ಮುಗಿದ ಮೇಲೆ, ಹಾಗಾದರೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುತ್ತಾರೆ. ಅಡುಗೆಯವನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುವವರಿಗೆ ನಾನಾದರೂ ಏನು ಹೇಳಲಿ? ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಪುರುಸೊತ್ತಿದ್ದರೆ ಕೇಳಿ.

ನನ್ನ ಮಗ ದೊಡ್ಡ ಅಡುಗೆಯವನು. ದೊಡ್ಡ ಎಂದರೆ ಹೆಸರಿನಲ್ಲಿ ಅಲ್ಲ, ಅಳತೆಯಲ್ಲಿ. ಮದುವೆಮನೆ, ಸಭೆ, ಕಾರ್ಖಾನೆಯವರ ಕೂಟ, ಹೀಗೆ ನೂರಾರು ಜನ ಉಣ್ಣುವ ಕಡೆ ಅವನೇ ಬೇಕು. ಕೊಪ್ಪರಿಗೆ ಎಂದರೆ ಮಾತ್ರ ಊರಿನವರಿಗೆ ಅವನು ಯಾರೆಂದು ತಿಳಿಯುತ್ತದೆ. ಹೆತ್ತವಳು ಇಟ್ಟ ಹೆಸರು ನನಗೊಬ್ಬಳಿಗೇ ನೆನಪಿರುವುದು. ಸೊಸೆ ಅವನ ಬಲಗೈ. ಅಕ್ಕಿ ತೊಳೆಯುವುದರಿಂದ ಹಿಡಿದು ಕೊನೆಯ ತಟ್ಟೆ ಎತ್ತುವವರೆಗೆ ಅವಳು ನಿಂತೇ ಇರುತ್ತಾಳೆ. ನಾನು ತರಕಾರಿ ಹೆಚ್ಚುವವಳು. ಮಂಡಿ ಕೈಕೊಟ್ಟ ಮೇಲೆ ಒಲೆ ಮುಂದೆ ನಿಲ್ಲುವುದನ್ನು ಬಿಟ್ಟಿದ್ದೇನೆ. ಕೂತಲ್ಲೇ ಚಾಕು ಆಡಿಸುತ್ತೇನೆ, ಜೊತೆಗೆ ನಾಲಗೆಯನ್ನೂ. ಇನ್ನು ಮೊಮ್ಮಗಳು. ಅವಳನ್ನು ನಾನು ಮೆಣಸು ಎಂದು ಕರೆಯುತ್ತೇನೆ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಭಾನುವಾರ ಯಾವ ಆರ್ಡರೂ ಇರಲಿಲ್ಲ. ಅಪರೂಪಕ್ಕೆ ನಾಲ್ಕೂ ಜನ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಮೆಣಸಿಗೆ ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಲು ಸೀಟು ಸಿಕ್ಕಿತ್ತು. ನನ್ನ ಮಗ ಆ ಸುದ್ದಿಯನ್ನು ಬೆಳಗಿನಿಂದ ಬೀದಿಯವರಿಗೆಲ್ಲ ಹೇಳಿ ಬಂದು, ಹೇಳಲು ಇನ್ನು ಯಾರೂ ಉಳಿದಿಲ್ಲವೆಂದು ನಮಗೇ ಮತ್ತೆ ಹೇಳುತ್ತಿದ್ದ. ಸೊಸೆ ಅವನ ತಟ್ಟೆಗೆ ಬೇಳೆ ಹಾಕುತ್ತಾ, ನನಗೂ ಸಿಕ್ಕಿದೆ ಎಂದಳು.

"ಏನು ಸಿಕ್ತು?" ಎಂದ ಅವನು.

"ಸೀಟು. ಬಾಟನಿಗೆ."

ನನಗೆ ಗೊತ್ತಿತ್ತು, ಅವರಿಬ್ಬರಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗ ಅರ್ಧಕ್ಕೆ ಬಿಟ್ಟಿದ್ದ ಓದನ್ನು ಅವಳು ಮೆಣಸು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಕ್ಕಿಮೂಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿ, ಒಂದೊಂದೇ ಪರೀಕ್ಷೆ ಬರೆದು ಮುಗಿಸಿದ್ದಳು. ಈ ವರ್ಷ ವಿಶ್ವವಿದ್ಯಾಲಯದವರು ವಯಸ್ಸಾದವರಿಗೂ ಒಂದಿಷ್ಟು ಸೀಟು ಇಟ್ಟಿದ್ದಾರೆ ಎಂದು ಎಲ್ಲೋ ಕೇಳಿ ಬಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಅರ್ಜಿ ಹಾಕು, ನೋಡೋಣ ಎಂದಿದ್ದೆ. ಸೊಸೆಗೆ ಗಿಡಬಳ್ಳಿಗಳ ಹುಚ್ಚು. ಕುಂಬಳಕಾಯಿ ಹೆಚ್ಚುತ್ತಾ ಕೂತಾಗ, ಬಳ್ಳಿ ಯಾಕೆ ಒಂದೇ ಕಡೆಗೆ ಸುತ್ತಿಕೊಳ್ಳುತ್ತದೆ ಅತ್ತೆ ಎಂದು ಕೇಳುವವಳು. ಸುತ್ತಿಕೊಳ್ಳಲಿ ಬಿಡು, ನೀನು ಬೇಗ ಹೆಚ್ಚು ಎನ್ನುತ್ತಿದ್ದೆ. ನನಗೆ ಗೊತ್ತಿದ್ದರೆ ತಾನೇ ಹೇಳುವುದು.

ನನ್ನ ಮಗ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ. ಆಮೇಲೆ ನಗಲು ಶುರುಮಾಡಿದ. ಅದು ಗೇಲಿಯ ನಗು ಅಲ್ಲ, ಒಂದೇ ಮನೆಗೆ ಎರಡು ಸೀಟು ಎಂಬ ಖುಷಿ. ಎದ್ದು ಮತ್ತೆ ಬೀದಿಗೆ ಹೋಗುವವನೇ ಇದ್ದ. ಅಷ್ಟರಲ್ಲಿ ಮೆಣಸು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಅಮ್ಮ, ನಿನಗೆ ಬೇರೆ ಯೂನಿವರ್ಸಿಟಿ ಸಿಗಲಿಲ್ವಾ?"

"ನಮ್ಮೂರಿಂದ ರೈಲು ಹೋಗೋದು ಅದೊಂದಕ್ಕೇ ಅಲ್ವಾ."

"ಹಾಗಾದ್ರೆ ಮುಂದಿನ ವರ್ಷ ಸೇರು."

"ಮುಂದಿನ ವರ್ಷ ನಿನಗೇನು ಬೇರೆ ಅಮ್ಮ ಬರ್ತಾಳಾ?" ಎಂದು ನಾನು ನಡುವೆ ಬಾಯಿ ಹಾಕಿದೆ. ಮೆಣಸು ಎದ್ದು ಹಿತ್ತಲಿಗೆ ಹೋದಳು.

ಸಂಜೆ ನನ್ನ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಅವಳೇ ಬಾಯಿಬಿಟ್ಟಳು. ಶಾಲೆಯಲ್ಲಿ ಅವಳು ಯಾವತ್ತೂ ಕೊಪ್ಪರಿಗೆಯ ಮಗಳೇ. ಜೊತೆಯ ಹುಡುಗಿಯರ ಅಕ್ಕಂದಿರ ಮದುವೆಯಲ್ಲಿ ಇವಳು ಬಕೆಟ್ ಹಿಡಿದು ಬಡಿಸಬೇಕು. ಮಾರನೆಯ ದಿನ ತರಗತಿಯಲ್ಲಿ ಅವರೇ, ನಿನ್ನೆ ನನ್ನ ತಟ್ಟೆಗೆ ನೀರು ಚೆಲ್ಲಿದವಳು ನೀನೇ ಅಲ್ವಾ ಎಂದು ಎಲ್ಲರೆದುರು ಕೇಳಬೇಕು. ಆ ದೊಡ್ಡ ಊರಿನಲ್ಲಿ ತಾನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ ಎಂದೇ ಅವಳಿಗೆ ಹಿಗ್ಗು. "ಒಂದೇ ಒಂದು ಕಡೆ ನಾನು ಬರೀ ನಾನಾಗಿರಬೇಕು ಅಜ್ಜಿ. ಅದು ತಪ್ಪಾ?"

ತಪ್ಪು ಎಂದು ನನಗೆ ಅನಿಸಲಿಲ್ಲ. ಹಾಗೆಂದು ಸೊಸೆ ಸೀಟು ಬಿಡಬೇಕು ಎಂದೂ ಅನಿಸಲಿಲ್ಲ. ಅಷ್ಟರಲ್ಲಿ ಸೊಸೆ ಒಗೆದು ಒಣಗಿಸಿದ ಏಪ್ರನ್‌ಗಳನ್ನು ಹೊತ್ತುಕೊಂಡು ಒಳಗೆ ಬಂದಳು. ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಆಯ್ತು," ಎಂದಳು, ಏಪ್ರನ್ ಮಡಚುತ್ತಾ. "ಅಲ್ಲಿ ನೀನ್ಯಾರೋ ನಾನ್ಯಾರೋ. ನೀನು ಮುಂದಿನ ಬೋಗಿ ಹತ್ತು, ನಾನು ಹಿಂದಿನ ಬೋಗಿ ಹತ್ತುತ್ತೀನಿ. ಎದುರಿಗೆ ಸಿಕ್ಕಿದರೂ ಮಾತಾಡಿಸಲ್ಲ. ಸಾಕಾ?"

ಮೆಣಸು ಬೆಳ್ಳುಳ್ಳಿ ಬಿಟ್ಟು ಅಮ್ಮನನ್ನೇ ನೋಡಿದಳು. ನಿಜವಾಗಿಯೂನಾ ಎಂದು ಕೇಳಿದಳು. ನಿಜವಾಗಿಯೂ ಎಂದಳು ಸೊಸೆ. ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ಮಗಳನ್ನು ಕಂಡೂ ಕಾಣದ ಹಾಗೆ ಹೇಗೆ ಇರುತ್ತೀಯೇ ಎಂದು ಕೇಳಿದೆ. "ಅತ್ತೆ, ನಾನು ಹೋಗ್ತಿರೋದು ಓದೋಕೆ. ಅವಳನ್ನ ಕಾಯೋಕಲ್ಲ," ಎಂದು ಅವಳು ನಕ್ಕುಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಹೊತ್ತಿನಲ್ಲಿ ಸೀಟು ಉಳಿದದ್ದೇ ದೊಡ್ಡದಾಗಿತ್ತು.

ಹೀಗೆ ಇಬ್ಬರೂ ಬೆಳಗಿನ ರೈಲು ಹಿಡಿದರು. ಮನೆಯಿಂದ ನಿಲ್ದಾಣದವರೆಗೆ ಒಟ್ಟಿಗೆ ನಡೆದು, ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ಬೇರೆಯಾಗುವುದು ಎಂದಾಯಿತು. ಸಂಜೆ ಅದೇ ನಲ್ಲಿಯ ಹತ್ತಿರ ಕೂಡಿಕೊಂಡು ಬರುವುದು. ಒಲೆ ನನ್ನ ಮಗನ ಪಾಲಿಗೆ ಬಂತು.

ಅವನು ಹುಟ್ಟಿದಾಗಿನಿಂದ ನಾಲ್ಕು ಜನಕ್ಕೆ ಅಡುಗೆ ಮಾಡಿದವನಲ್ಲ. ಮೊದಲ ದಿನ ಸೊಸೆಯ ಪಾತ್ರೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಇದರೊಳಗೆ ಸೌಟು ಆಡುವುದಾದರೂ ಹೇಗಮ್ಮ ಎಂದ. ಉಪ್ಪನ್ನು ಹಿಡಿಯಲ್ಲಿ ಎತ್ತಿ ಹಾಕುವುದು ಅವನ ರೂಢಿ. ಹಿಡಿಯಲ್ಲೇ ಎತ್ತಿದ, ಹಾಕಿದ. ಬಾಯಿಗಿಟ್ಟುಕೊಂಡವರೆಲ್ಲ ನೀರಿಗೆ ಓಡಿದೆವು. ಎರಡನೆಯ ದಿನ ಹೆದರಿಕೊಂಡು ಉಪ್ಪನ್ನೇ ಹಾಕಲಿಲ್ಲ. ಆಮೇಲೆ ಒಂದು ದಿನ ಅನ್ನ ಹತ್ತಿಸಿದ, ಇನ್ನೊಂದು ದಿನ ತರಕಾರಿಯನ್ನು ಗಂಜಿ ಮಾಡಿದ. ಸಾವಿರ ಜನರ ಬಾಯಲ್ಲಿ ಭೇಷ್ ಎನಿಸಿಕೊಂಡವನು ನಾಲ್ಕು ಬಾಯಿ ತುಂಬಿಸಲಾಗದೆ ತಲೆ ಮೇಲೆ ಕೈ ಹೊತ್ತು ಕೂತ.

"ನಾಲ್ಕು ಜನಕ್ಕೆ ಮಾಡೋದು ಅಡುಗೇನೇ ಅಲ್ಲಮ್ಮ, ಆಟ," ಎಂದ.

"ಹಾಗಾದ್ರೆ ಆಟದಲ್ಲಿ ಸೋತಿದ್ದೀಯ," ಎಂದೆ.

ಆ ಮಾತು ಅವನಿಗೆ ನಾಟಿತೋ ಏನೋ, ಮರುದಿನ ಬೆಳಕು ಹರಿಯುವ ಮೊದಲೇ ಅಟ್ಟದ ಮೇಲಿಂದ ತನ್ನ ಕೊಪ್ಪರಿಗೆಗಳಲ್ಲೇ ಚಿಕ್ಕದನ್ನು ಇಳಿಸಿದ. ಚಿಕ್ಕದು ಎಂದರೆ ಒಂದು ಸಣ್ಣ ಮದುವೆ ದಾಟಿಸುವಷ್ಟು. ಅದನ್ನು ಒಲೆಯ ಮೇಲಿಟ್ಟದ್ದೇ ತಡ, ಅವನ ಕೈಗೆ ಜೀವ ಬಂತು. ಹಿಡಿ ಉಪ್ಪು ಹಿಡಿಯಾಗಿಯೇ ಬಿತ್ತು. ಬೇಳೆ ಹದವಾಗಿ ಬೆಂದಿತು. ಒಗ್ಗರಣೆಯ ವಾಸನೆಗೆ ಮೆಣಸು ಎದ್ದು ಬಂದಳು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ತಿಂದೆವು. ತಿಂದ ಮೇಲೆ ಕೊಪ್ಪರಿಗೆಯೊಳಗೆ ಇಣುಕಿ ನೋಡಿದರೆ, ನಾವು ಮುಟ್ಟಿದ್ದೇ ಗೊತ್ತಾಗದ ಹಾಗಿತ್ತು.

ನಮ್ಮ ಮನೆಯಲ್ಲಿ ಅನ್ನ ಚೆಲ್ಲುವ ಪದ್ಧತಿ ಇಲ್ಲ. ಬಡಿಸಿ ಬದುಕುವವರು ಚೆಲ್ಲಬಾರದು ಎಂದು ನನ್ನ ಯಜಮಾನರು ಇದ್ದಾಗಿನಿಂದ ಬಂದ ಕಟ್ಟಳೆ. ಪಕ್ಕದ ಮನೆಯ ದರ್ಜಿಗೆ ಕೊಟ್ಟೆವು. ಅವಳು ಮೊದಲೆರಡು ದಿನ ಬಾಯ್ತುಂಬ ಹೊಗಳಿದಳು, ಮೂರನೆಯ ದಿನ ಮುಜುಗರಪಟ್ಟಳು, ಆಮೇಲೆ ನಾನು ಪಾತ್ರೆ ಹಿಡಿದು ಬರುವುದನ್ನು ಕಿಟಕಿಯಿಂದ ನೋಡಿ ಬಾಗಿಲು ಹಾಕಿಕೊಂಡಳು. ಎದುರು ಮನೆಯ ಪೋಸ್ಟ್‌ಮ್ಯಾನ್ ದಾರಿಯನ್ನೇ ಬದಲಾಯಿಸಿದ. ಕೊನೆಗೆ ಸೊಸೆ ಆರ್ಡರಿಗೆ ಒಯ್ಯುವ ಉದ್ದನೆಯ ಕ್ಯಾರಿಯರನ್ನು ತೊಳೆದು, ಅದರ ತುಂಬ ಅನ್ನ, ಬೇಳೆ, ಮೊಟ್ಟೆ ತುಂಬಿಕೊಂಡು ರೈಲು ಹತ್ತಿದಳು. ಯಾರಾದರೂ ಸಿಗುತ್ತಾರೆ ಬಿಡಿ ಅತ್ತೆ ಎಂದಳು.

ಸಿಕ್ಕರು. ಬಾಟನಿ ಕಟ್ಟಡದ ಮೆಟ್ಟಿಲಿನ ಕೆಳಗೆ, ಕಿಟಕಿಯಿಂದ ಬಿಸಿಲು ಬೀಳುವ ಕಡೆ ಒಂದು ಉದ್ದ ಬೆಂಚಿದೆಯಂತೆ. ಬಾಡಿಗೆ ಕೋಣೆಗಳಲ್ಲಿ ಇರುವ ಹುಡುಗ ಹುಡುಗಿಯರು ಅಲ್ಲಿ ಕೂತು ಬನ್ನು ಬಿಸ್ಕತ್ತು ತಿನ್ನುತ್ತಿದ್ದರಂತೆ. ಸೊಸೆ ತನ್ನ ಪಕ್ಕದಲ್ಲಿ ಸೂಕ್ಷ್ಮದರ್ಶಕ ನೋಡುವ ಹುಡುಗನಿಗೆ ಮೊದಲು ಕೊಟ್ಟಳು. ಅವನು ತಿಂದು, ಏನೂ ಹೇಳದೆ ಎದ್ದು ಹೋಗಿ, ಮೂವರನ್ನು ಕರೆದುಕೊಂಡು ಬಂದ. ವಾರ ಕಳೆಯುವಷ್ಟರಲ್ಲಿ ಕ್ಯಾರಿಯರು ಖಾಲಿಯಾಗಿ ಬರತೊಡಗಿತು. ಎಲ್ಲರೂ ಅವಳನ್ನು ಆಂಟಿ ಎಂದು ಕರೆಯುತ್ತಾರಂತೆ. ಪ್ರತಿಯಾಗಿ ಒಬ್ಬ ನೋಟ್ಸ್ ತಿದ್ದಿಕೊಡುತ್ತಾನೆ, ಇನ್ನೊಬ್ಬಳು ಕಂಪ್ಯೂಟರ್ ಕಲಿಸುತ್ತಾಳೆ. ಸಂಜೆ ಹಿತ್ತಲಿನ ನಲ್ಲಿಯ ಕೆಳಗೆ ಕ್ಯಾರಿಯರ್ ಉಜ್ಜುತ್ತಾ ಅವಳು ಹೇಳುವುದು, ನಾನು ಕಾಲು ಚಾಚಿ ಕೂತು ಕೇಳುವುದು. ಎಲೆಯ ಕೆಳಗೆ ಬಾಯಿಗಳಿರುತ್ತವಂತೆ ಅತ್ತೆ, ಉಸಿರಾಡೋಕೆ, ನಾನೇ ಕಣ್ಣಾರೆ ನೋಡಿದೆ ಎನ್ನುವಳು. ಇಷ್ಟು ವರ್ಷಗಳಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಮೆಣಸಿನ ಪಾಳಿ. ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ತನ್ನ ಸುದ್ದಿ ಹೇಳುವಳು. ಅವಳಿಗೊಬ್ಬಳು ಗೆಳತಿ ಸಿಕ್ಕಿದ್ದಳು. ಬೇರೆ ಊರಿಂದ ಬಂದು ಹಾಸ್ಟೆಲಿನಲ್ಲಿದ್ದ ಉದ್ದನೆಯ ಹುಡುಗಿ, ನಕ್ಕರೆ ಕಟ್ಟಡವೇ ಕೇಳುತ್ತದಂತೆ. ಇಬ್ಬರೂ ಗ್ರಂಥಾಲಯಕ್ಕೆ ಒಟ್ಟಿಗೆ ಹೋಗುತ್ತಾರೆ, ಒಟ್ಟಿಗೆ ನಾಟಕ ನೋಡುತ್ತಾರೆ. ಅವಳು ಮನೆಯ ಬಗ್ಗೆ ಕೇಳಿದಾಗ, ಅಪ್ಪನದು ಏನೋ ವ್ಯವಹಾರ, ಅಮ್ಮ ಮನೆಯಲ್ಲಿರುತ್ತಾರೆ ಎಂದು ಹೇಳಿಬಿಟ್ಟಿದ್ದಳು. ಒಂದು ಕಿವಿಗೆ ಅಮ್ಮ, ಇನ್ನೊಂದು ಕಿವಿಗೆ ಮಗಳು. ಎರಡರ ನಡುವೆ ನನ್ನ ಬಾಯಿಗೆ ಬೀಗ.

ಒಂದು ಸಂಜೆ ಮೆಣಸು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಬಂದಳು. ಅವಳ ಹಿಂದೆಯೇ ಸೊಸೆ, ನಗು ತಡೆದುಕೊಂಡು. ನಡೆದದ್ದು ಇಷ್ಟು. ಉದ್ದನೆಯ ಹುಡುಗಿ, ಬಾಟನಿಯವರ ಕಡೆ ಒಬ್ಬರು ಆಂಟಿ ಮನೆ ಊಟ ಕೊಡುತ್ತಾರೆ, ಬಾ ಎಂದು ಮೆಣಸಿನ ಕೈಹಿಡಿದು ಎಳೆದುಕೊಂಡು ಹೋಗಿದ್ದಳು. ಬಿಡಿಸಿಕೊಳ್ಳಲು ಇವಳಿಗೆ ನೆವ ಹೊಳೆಯಲಿಲ್ಲ. ಅಲ್ಲಿ ಹೋಗಿ ನೋಡಿದರೆ ಬೆಂಚಿನ ಮೇಲೆ ಅಮ್ಮ. ಅಮ್ಮನ ಕೈಯಲ್ಲಿ ಸೌಟು.

"ಅಜ್ಜಿ, ಇವಳು ನನ್ನ ಮುಖ ನೋಡಿ, ನೀನು ಯಾವ ವಿಭಾಗಮ್ಮ ಅಂತ ಕೇಳ್ತಾಳೆ," ಎಂದಳು ಮೆಣಸು. "ಎಕನಾಮಿಕ್ಸ್ ಅಂದೆ. ಒಳ್ಳೇದಾಯ್ತು, ಸಂಕೋಚ ಮಾಡ್ಕೋಬೇಡ, ದಿನಾ ಬಾ ಅಂತಾಳೆ."

"ನೀನೇ ತಾನೇ ಹಾಗಿರು ಅಂದಿದ್ದು?" ಎಂದಳು ಸೊಸೆ.

"ಅಷ್ಟು ಚೆನ್ನಾಗಿ ಮಾಡು ಅಂದಿದ್ನಾ?"

ನನ್ನ ಮಗ ಒಳಗಿನಿಂದ, ಏನದು ಗಲಾಟೆ ಎಂದು ಕೂಗಿದ. ಅವನಿಗೆ ಈ ಒಪ್ಪಂದದ ಗಂಧಗಾಳಿಯೂ ಇರಲಿಲ್ಲ. ಮೂವರೂ ಏನಿಲ್ಲ ಎಂದೆವು. ಆ ರಾದ್ಧಾಂತದಲ್ಲಿ ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

ಮಾರನೆಯ ದಿನವೂ ಮೆಣಸು ಹೋದಳು. ಹೋಗದಿದ್ದರೆ ಗೆಳತಿ ಯಾಕೆ ಎನ್ನುತ್ತಾಳೆ ಎಂದು ನನಗೆ ಸಬೂಬು ಹೇಳಿದಳು. ಮೂರನೆಯ ದಿನಕ್ಕೆ ಅವಳಿಗೆ ಹೊಟ್ಟೆಕಿಚ್ಚು ಶುರುವಾಯಿತು. ಉದ್ದನೆಯ ಹುಡುಗಿ ಆಂಟಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳಂತೆ. ತಲೆನೋವು ಎಂದರೆ ಆಂಟಿ ಹಣೆ ಒತ್ತುತ್ತಾಳಂತೆ. ತಳದ ಗರಿಗರಿ ಅನ್ನ, ಮನೆಯಲ್ಲಿ ಮೆಣಸಿಗೆಂದೇ ಮೀಸಲಾದದ್ದು, ಅದನ್ನೂ ಅವಳಿಗೇ ಹಾಕಿದಳಂತೆ. ನನ್ನ ಮಂಡಿಗೆ ಎಣ್ಣೆ ತಿಕ್ಕುವ ಅವಳ ಕೈಯ ಜೋರು ನೋಡಿದರೆ ಸಂಗತಿ ಎಷ್ಟು ದೂರ ಹೋಗಿದೆ ಎಂದು ಗೊತ್ತಾಗುತ್ತಿತ್ತು. ಮಾತಾಡಿಸಬೇಡ ಎಂದವಳು ನೀನು, ಈಗ ಅಳುವವಳೂ ನೀನಾ ಎಂದೆ. ನಾನೆಲ್ಲಿ ಅಳುತ್ತಿದ್ದೇನೆ ಎಂದು ಮೂಗು ಒರೆಸಿಕೊಂಡಳು.

ಅದಾದ ಮೇಲೆ ಒಂದು ದಿನ ಅವಳು ಮನೆಗೆ ಬಂದವಳೇ, ಯಾರೂ ಹೇಳದೆ ಕ್ಯಾರಿಯರ್ ಎತ್ತಿಕೊಂಡು ಹೋಗಿ ಉಜ್ಜಿದಳು. ಆಮೇಲೆ ನನ್ನ ಹತ್ತಿರ ಬಂದು ಕೂತಳು. ಬೆಂಚಿನ ಹತ್ತಿರ ಯಾರೋ, ಆಂಟಿ, ನಿಮಗೆ ಮಕ್ಕಳಿದ್ದಾರಾ ಎಂದು ಕೇಳಿದರಂತೆ. ಮೆಣಸು ತಟ್ಟೆ ಹಿಡಿದು ಎದುರಿಗೇ ಕೂತಿದ್ದಳು. ಒಬ್ಬಳು ಮಗಳಿದ್ದಾಳೆ ಎಂದಳಂತೆ ಸೊಸೆ, ಇವಳ ಕಡೆ ನೋಡದೆ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶುರುಮಾಡಿ ಹೇಳುತ್ತಾ ಹೋದಳಂತೆ. ಆದರೆ ನಾನು ಉಳಿದ ಪರೀಕ್ಷೆ ಬರೆಯುತ್ತಿದ್ದಾಗ ಅವಳಿನ್ನೂ ಇಷ್ಟುದ್ದ. ಕೆಲಸ ಮುಗಿಸಿ ಪುಸ್ತಕ ಹಿಡಿದರೆ ನನಗೆ ನಿದ್ದೆ ತೂಗುತ್ತಿತ್ತು. ಅವಳು ಪಕ್ಕದಲ್ಲಿ ಕೂತು, ಅಮ್ಮ ಮಲಗಬೇಡ, ಅಮ್ಮ ಓದು ಎಂದು ನನ್ನ ರೆಪ್ಪೆಯನ್ನು ಬೆರಳಿನಿಂದ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ ಎಂದಳಂತೆ.

"ಇದನ್ನೆಲ್ಲ ನನಗೆ ಒಂದಿನಾನೂ ಹೇಳಿಲ್ಲ ಅಜ್ಜಿ," ಎಂದಳು ಮೆಣಸು. "ಮನೇಲಿ ಬರೀ ದೀಪ ಆರಿಸು, ತಟ್ಟೆ ತೊಳಿ, ಅಷ್ಟೇ. ಊರವರಿಗೆಲ್ಲ ಹೇಳ್ತಾಳೆ."

"ನೀನೂ ಈಗ ಊರವಳೇ ಅಲ್ವಾ, ಅದಕ್ಕೇ ನಿನಗೂ ಸಿಕ್ತು," ಎಂದೆ.

ಅವಳು ನಗಲಿಲ್ಲ. ಗೆಳತಿಗೆ ನಿಜ ಹೇಳಿಬಿಡಬೇಕೆಂದು ಅವಳಿಗೆ ಅನಿಸತೊಡಗಿತ್ತು. ಆದರೆ ಈಗ ಹೇಳುವುದು ಹೇಗೆ? ಇಷ್ಟು ದಿನ ಅಮ್ಮನ ಎದುರಿಗೇ ಕೂತು, ಅಮ್ಮ ಬಡಿಸಿದ್ದನ್ನೇ ತಿಂದು, ಯಾರೋ ಎಂಬಂತೆ ಕೈತೊಳೆದು ಎದ್ದು ಬಂದವಳು ಎಂದರೆ ಆ ಹುಡುಗಿ ಮತ್ತೆ ಮುಖ ನೋಡುತ್ತಾಳೆಯೇ? ಸಿಕ್ಕಿದ ಒಬ್ಬಳೇ ಗೆಳತಿ ಕೈಬಿಟ್ಟು ಹೋದಾಳು ಎಂದು ಅವಳಿಗೆ ಭಯ. ನಿಜಕ್ಕೂ ಹೆದರಿತ್ತು ಮಗು. ನಾನು ಅವಳ ತಲೆ ಸವರಿದೆ.

ಅಷ್ಟರಲ್ಲಿ ಆರ್ಡರು ಬಂತು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆಲ್ಲ ವಿಶ್ವವಿದ್ಯಾಲಯದವರು ದೊಡ್ಡ ಹಾಲಿನಲ್ಲಿ ಒಂದು ಊಟ ಹಾಕುವುದು ವಾಡಿಕೆಯಂತೆ. ಬೆಂಚಿನ ಹುಡುಗರು, ಆಂಟಿಯ ಯಜಮಾನರೇ ಅಡುಗೆ ಮಾಡಲಿ ಎಂದು ಹಟ ಹಿಡಿದು ಒಪ್ಪಿಸಿದ್ದರು. ನನ್ನ ಮಗ ನೆಲದ ಮೇಲೆ ನಿಲ್ಲಲಿಲ್ಲ. ಮನೆಯವರೆಲ್ಲ ಯೂನಿವರ್ಸಿಟಿಗೆ ಹೋಗಾಯ್ತು, ನಾನೊಬ್ಬನೇ ಉಳಿದಿದ್ದೆ ಎಂದು ಹೇಳಿಕೊಂಡು ಓಡಾಡಿದ. ಕಟಿಂಗ್ ಮಾಡಿಸಿಕೊಂಡು ಬಂದ. ದೊಡ್ಡ ಕೊಪ್ಪರಿಗೆಗಳನ್ನು ಅಂಗಳಕ್ಕೆ ತಂದು ಫಳಫಳ ಎನ್ನುವಂತೆ ತಿಕ್ಕಿಸಿದ.

ಹಿಂದಿನ ದಿನ ಭಾನುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಂದಿನಂತೆ ಕೆಲಸ ಹಂಚತೊಡಗಿದ. ಅಮ್ಮ ತರಕಾರಿ, ಇವಳು ಅನ್ನ ಬಡಿಸುವುದು, ಮೆಣಸು ನೀರು. ನಾನು ತಟ್ಟೆಯಿಂದ ಕೈ ತೆಗೆದೆ.

"ಅವರಿಬ್ಬರೂ ಅಲ್ಲಿ ಊಟಕ್ಕೆ ಕರೆಸಿಕೊಂಡೋರು ಕಣೋ. ಬಡಿಸೋರಲ್ಲ."

"ಹಾಗಾದ್ರೆ ಬಡಿಸೋರು ಯಾರಮ್ಮ? ನನ್ನ ಜೊತೆ ಬಡಿಸೋಕೆ ಬರೋ ಹುಡುಗರಲ್ಲಿ ಅರ್ಧ ಜನ ಬೇರೆ ಕಡೆ ಒಪ್ಪಿಕೊಂಡಿದ್ದಾರೆ."

ನಾನು ಬಡಿಸುತ್ತೇನೆ, ಅದಕ್ಕೇನಂತೆ ಎಂದಳು ಸೊಸೆ. ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಗಂಡ ಬಡಿಸುವ ಕೂಟದಲ್ಲಿ ಒಂದೇ ಒಂದು ದಿನ ಎಲ್ಲರ ಜೊತೆ ಕೂತು ಬಿಸಿಬಿಸಿ ಉಂಡಿದ್ದೀಯೇನೇ ಎಂದು ಕೇಳಿದೆ. ನಮ್ಮ ಕಸುಬಿನಲ್ಲಿ ಕೊನೆಯವನು ಕೈತೊಳೆಯುವವರೆಗೆ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಆಮೇಲೆ ತಳದಲ್ಲಿ ಉಳಿದದ್ದನ್ನು, ತಣ್ಣಗಾದದ್ದನ್ನು, ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ನಿಂತುಕೊಂಡು ನುಂಗುವುದು. ನಾನೂ ಹಾಗೆಯೇ ಉಂಡವಳು. ಸೊಸೆ ನಕ್ಕಳು, ರೂಢಿಯಾಗಿದೆ ಬಿಡಿ ಅತ್ತೆ ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು.

"ನೀನು ಬಡಿಸೋದು ಬೇಡ, ಗೆಳತಿ ಜೊತೆ ಕೂತು ಊಟ ಮಾಡು. ನಾನು ಏಪ್ರನ್ ಹಾಕ್ಕೊಂಡ್ರೆ ಅಡುಗೆಯವರ ಹೆಂಡತಿ ಅಷ್ಟೇ, ನಿನ್ನ ಸುದ್ದಿಗೆ ಬರಲ್ಲ. ಅಪ್ಪನೂ ನಿನ್ನನ್ನ ಮಾತಾಡಿಸಲ್ಲ, ಬಿಡು."

ನನ್ನ ಮಗ ಇಬ್ಬರ ಮುಖವನ್ನೂ ನೋಡಿದ. ಆಗಲೇ ಅವನಿಗೆ ಒಪ್ಪಂದದ ವಿಷಯ ಗೊತ್ತಾದದ್ದು. ಸೊಸೆ ಹಗುರವಾಗಿಯೇ ಹೇಳಿದಳು, ಹುಡುಗಾಟದ ಮಾತು ಎಂಬಂತೆ. ಅವನು ಕೂಗಾಡಲಿಲ್ಲ. "ನನ್ನನ್ನೂ ಗೊತ್ತಿಲ್ಲ ಅನ್ನಬೇಕಾ?" ಎಂದಷ್ಟೇ ಕೇಳಿದ. ಮೆಣಸು ತಟ್ಟೆಯ ಅನ್ನವನ್ನೇ ಕಲಸುತ್ತಿದ್ದಳು. ಆಯ್ತು ಬಿಡು ಎಂದು ಅವನು ಎದ್ದು ಹೋಗಿ, ತಿಕ್ಕಿದ ಕೊಪ್ಪರಿಗೆಯನ್ನೇ ಮತ್ತೆ ತಿಕ್ಕಲು ಕೂತ. ಅವತ್ತು ಆ ಹುಡುಗಿ ಊಟ ಮುಗಿಸಲಿಲ್ಲ.

ಮರುದಿನ ನಾವು ವ್ಯಾನಿನಲ್ಲಿ ಪಾತ್ರೆಗಳ ನಡುವೆ ಕೂತು ಹೋದೆವು. ಮೆಣಸು ಎಂದಿನ ಹಾಗೆ ರೈಲಿನಲ್ಲಿ. ಎಂಥ ಹಾಲು ಅದು! ಕಿಟಕಿಗಳೇ ನಮ್ಮ ಮನೆಯಷ್ಟು ಎತ್ತರ. ಉದ್ದುದ್ದ ಮೇಜುಗಳು, ಬೆಂಚುಗಳು, ಎಲ್ಲಿ ನೋಡಿದರೂ ಹುಡುಗರ ನಗು. ಹಾಲಿನ ಒಂದು ತುದಿಯಲ್ಲಿ, ಪಾತ್ರೆಗಳನ್ನು ಸಾಲಾಗಿ ಇಟ್ಟ ಕಡೆ ನನಗೊಂದು ಸ್ಟೂಲು ಹಾಕಿಕೊಟ್ಟರು. ಸೊಸೆ ಏಪ್ರನ್ ಬಿಗಿದು ಅನ್ನದ ಬಕೆಟ್ ಎತ್ತಿದಳು. ಬಾಟನಿಯವರು, ಆಂಟಿ, ನಿಮಗೆ ಜಾಗ ಹಿಡಿದಿದ್ದೇವೆ, ಬನ್ನಿ ಎಂದು ಕೂಗಿದರು. ನೀವು ಊಟ ಮಾಡಿ, ಬಂದೆ ಎಂದು ಹೇಳುತ್ತಾ ಅವಳು ಬಡಿಸಿಕೊಂಡು ಹೋದಳು.

ಮೆಣಸು ಉದ್ದನೆಯ ಹುಡುಗಿಯ ಜೊತೆ ನಡುವಿನ ಮೇಜಿಗೆ ಬಂದು ಕೂತಳು. ನಾನು ದೂರದಿಂದ ನೋಡುತ್ತಿದ್ದೆ. ಆ ಸಾಲಿಗೆ ಬೇಳೆ ಬಡಿಸಲು ಹೋದವನು ನನ್ನ ಮಗನೇ. ಕೊಟ್ಟ ಮಾತಿನಂತೆ ಅವನು ಮಗಳ ಮುಖ ನೋಡಲಿಲ್ಲ. ಅವಳ ತಟ್ಟೆಯನ್ನೇ ನೋಡುತ್ತಾ, ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದ.

"ಸ್ವಲ್ಪ ಹಾಕಲಾ ಮೇಡಂ?"

ಅವನು ಒಂದು ಸೌಟು ಹಾಕಿ ಮುಂದೆ ಹೋದ. ಮೆಣಸು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ತಟ್ಟನೆ ಎದ್ದಳು. ಬೆಂಚು ದಾಟಿ, ಮೇಜುಗಳ ನಡುವೆ ಓಡಿಕೊಂಡೇ ಬಂದು, ಬಕೆಟ್ ಹಿಡಿದಿದ್ದ ಸೊಸೆಯ ಎದುರು ನಿಂತಳು. ಅವಳ ದನಿ ಮೊದಲೇ ದೊಡ್ಡದು, ಅವತ್ತಂತೂ ಹಾಲಿನ ಆ ತುದಿಯವರೆಗೂ ಕೇಳಿಸಿತು.

"ಅಮ್ಮ, ಏಪ್ರನ್ ಬಿಚ್ಚಿ ಕೊಡು."

"ಯಾಕೆ, ಏನಾಯ್ತು?" ಎಂದು ಸೊಸೆ ಗಾಬರಿಯಾದಳು.

"ನೀನು ಕೂತ್ಕೋ. ನಾನು ಬಡಿಸ್ತೀನಿ."

ಸೊಸೆ ಬೇಡ ಎನ್ನುತ್ತಿದ್ದಳು, ಮೆಣಸು ಕೇಳಬೇಕಲ್ಲ. ತಾನೇ ಗಂಟು ಬಿಚ್ಚಿ ಏಪ್ರನ್ ಕಿತ್ತುಕೊಂಡು ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಅಮ್ಮನ ಕೈಹಿಡಿದು ಕರೆದುಕೊಂಡು ಹೋಗಿ ತಾನು ಕೂತಿದ್ದ ಜಾಗದಲ್ಲೇ ಕೂರಿಸಿದಳು. ಉದ್ದನೆಯ ಹುಡುಗಿ ತುತ್ತು ಹಿಡಿದುಕೊಂಡೇ ಕಣ್ಣರಳಿಸಿ ನೋಡುತ್ತಿದ್ದಳು. ಮೆಣಸಿನ ಮುಖ ಕೆಂಪಾಗಿತ್ತು.

"ಇವರು ನಮ್ಮಮ್ಮ. ಬೇಳೆ ಬಡಿಸಿದವರು ನಮ್ಮಪ್ಪ. ಅಲ್ಲಿ ಸ್ಟೂಲ್ ಮೇಲೆ ಕೂತಿರೋದು ನಮ್ಮಜ್ಜಿ. ಇಷ್ಟು ದಿನ ನಿನ್ನ ಹತ್ರ ಸುಳ್ಳು ಹೇಳಿದ್ದೆ. ಬೈಯೋದಿದ್ರೆ ಬೈದುಬಿಡು."

ಆ ಹುಡುಗಿ ಬೈಯಲಿಲ್ಲ. ಸೊಸೆಯ ಕಡೆ ತಿರುಗಿ ತಲೆ ಚಚ್ಚಿಕೊಂಡಳು. "ಅಯ್ಯೋ ಆಂಟಿ, ನನ್ನ ಫ್ರೆಂಡಿಗೆ ಬಹಳ ಕೋಪ, ಹೇಗೆ ಸಂಭಾಳಿಸೋದು ಹೇಳಿ ಅಂತ ನಿಮ್ಮ ಹತ್ರಾನೇ ದೂರು ಹೇಳಿದ್ದೀನಲ್ಲ. ನೀವು ಎಲ್ಲಾ ಕೇಳಿಸ್ಕೊಂಡು, ಹೌದಾ, ಪಾಪ ಅಂದ್ರಿ."

"ಹೌದಲ್ಲ, ಪಾಪ," ಎಂದಳು ಸೊಸೆ. ಆಮೇಲೆ ಆ ಹುಡುಗಿ ನಕ್ಕ ನಗು ಇದೆಯಲ್ಲ, ಮೆಣಸು ಹೇಳಿದ್ದು ಸುಳ್ಳಲ್ಲ, ಕಟ್ಟಡಕ್ಕೇ ಕೇಳಿಸುವಂಥದ್ದು. ನಕ್ಕು ಮುಗಿಸಿ ಎದ್ದು, ನನಗೂ ಒಂದು ಏಪ್ರನ್ ಕೊಡು, ನೀರು ನಾನು ಬಡಿಸುತ್ತೇನೆ ಎಂದಳು. ಬಾಟನಿಯ ಹುಡುಗರೂ ಒಬ್ಬೊಬ್ಬರಾಗಿ ಬಂದು ಬಕೆಟ್ ಹಿಡಿದರು. ಬಡಿಸುವವರು ಸಾಲದು ಎನ್ನುತ್ತಿದ್ದ ನನ್ನ ಮಗನಿಗೆ ಸೌಟುಗಳೇ ಸಾಲದೆ ಹೋದವು. ಅವರು ಚೆಲ್ಲಿದ್ದಕ್ಕೆ ಲೆಕ್ಕವಿಲ್ಲ, ಆ ದಿನ ಮಾತ್ರ ನಾನು ಕಣ್ಣು ಮುಚ್ಚಿಕೊಂಡೆ.

ಸೊಸೆಗೆ ಕೂರಲು ಬರುತ್ತಿರಲಿಲ್ಲ. ಯಾರಾದರೂ ಅನ್ನ ಎಂದರೆ ಸಾಕು, ಅರ್ಧ ಎದ್ದುಬಿಡುತ್ತಿದ್ದಳು. ಮೆಣಸು ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿ ಕೂರಿಸುವಳು. ಹೊಸ ತಟ್ಟೆ ತಂದಿಟ್ಟಳು, ಆಗಷ್ಟೇ ಮುಚ್ಚಳ ತೆಗೆದ ಪಾತ್ರೆಯಿಂದ ಅನ್ನ ಹಾಕಿದಳು, ಮೇಲೆ ಬೇಳೆ ಸುರಿದಳು. ಅಮ್ಮ, ಇನ್ನು ಊಟ ಮಾಡು ಎಂದಳು. ನಾನು ಸ್ಟೂಲು ಬಿಟ್ಟು, ಮಂಡಿ ನೋವನ್ನೂ ಮರೆತು, ಅಲ್ಲಿಗೆ ಬಂದು ನಿಂತಿದ್ದೆ. ನನ್ನ ಮಗನೂ ಸೌಟು ಹಿಡಿದುಕೊಂಡೇ ಬಂದ. ಸೊಸೆ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ಇಟ್ಟುಕೊಂಡವಳು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು ಉಸಿರೆಳೆದುಕೊಂಡು ಗಂಡನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು.

"ರೀ, ಎಷ್ಟು ಬಿಸಿ ಇದೆ ಇದು," ಎಂದಳು.

ಇಷ್ಟು ವರ್ಷ ಊರವರಿಗೆಲ್ಲ ಬಿಸಿಬಿಸಿ ಬಡಿಸಿದವನು ಸೌಟನ್ನು ಮಗಳ ಕೈಗೆ ಕೊಟ್ಟು, ಹೆಂಡತಿಯ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತ.

"ನಿಧಾನಕ್ಕೆ ತಿನ್ನು," ಎಂದ. "ಇನ್ನೂ ಬೇಕಾದಷ್ಟಿದೆ."